ಖಾತೆಯಲ್ಲಿ ಹಣವಿದ್ದೂ ಸಂಬಳ ತಡವಾಗುತ್ತಿತ್ತು, ಸರಿ ಮಾಡಿದ್ದು ಹೀಗೆ

ನಮ್ಮ ಚಿಕ್ಕ ಸೇವಾ ಸಂಸ್ಥೆಯ ಲೆಕ್ಕ ನನ್ನ ಕೈಗೆ ಬಂದಾಗ ಒಂದು ವಿಷಯ ಅರ್ಥವೇ ಆಗಲಿಲ್ಲ. ಬ್ಯಾಂಕಿನಲ್ಲಿ ಹಣ ಇದೆ, ಆದರೂ ಪ್ರತಿ ವರ್ಷ ಒಂದೆರಡು ತಿಂಗಳು ಸಂಬಳಕ್ಕೆ ಪರದಾಟ. ಯಾಕೆ?

ಹಿಂದಿನ 5 ವರ್ಷದ ಲೆಕ್ಕವನ್ನು ತಿಂಗಳುವಾರು ಒಂದೇ ಶೀಟಿಗೆ ಹಾಕಿದೆ. ಆಗ ಗೊತ್ತಾಯಿತು. ಖಾತೆಯಲ್ಲಿದ್ದ ಹಣದ ದೊಡ್ಡ ಪಾಲು ದಾನಿಗಳು ಯಾವುದೋ ಒಂದು ಯೋಜನೆಗೆಂದೇ ಕೊಟ್ಟದ್ದು, ಅದನ್ನು ಬಾಡಿಗೆಗೋ ಸಂಬಳಕ್ಕೋ ಮುಟ್ಟುವ ಹಾಗಿಲ್ಲ, ನಾವು ಮಾತ್ರ ಎಲ್ಲವನ್ನೂ ಕೂಡಿಸಿ ನೋಡಿ ಸುಮ್ನೆ ನೆಮ್ಮದಿಯಾಗಿದ್ದೆವು. ಜೊತೆಗೆ ದೇಣಿಗೆ ಜಾಸ್ತಿ ಬರುವುದು ವರ್ಷದಲ್ಲಿ 2-3 ತಿಂಗಳು, ಖರ್ಚು 12 ತಿಂಗಳೂ ಇರುತ್ತದೆ ಅಲ್ವಾ?

ಮೊದಲು ಯೋಜನೆಯ ಹಣ, ಮುಕ್ತವಾಗಿ ಬಳಸಬಹುದಾದ ಹಣ ಎಂದು ಎರಡು ಕಾಲಂ ಮಾಡಿದೆ. ಇದೊಂದರಿಂದಲೇ ಅರ್ಧ ಗೊಂದಲ ಹೋಯಿತು. ಆಮೇಲೆ ಮುಂದಿನ 12 ತಿಂಗಳ ಅಂದಾಜು ಬರೆದೆ, ಅದರಲ್ಲಿ ಖಾತ್ರಿಯಾದ ಹಣ ಮಾತ್ರ, ‘ಕೊಡ್ತೀವಿ’ ಅಂದದ್ದು ಸೇರಿಸಲಿಲ್ಲ. ಹೊಸ ಅನುದಾನದ ಅರ್ಜಿಗಳಲ್ಲಿ ಕಚೇರಿ ಖರ್ಚಿನ ಪಾಲನ್ನೂ ಕೇಳತೊಡಗಿದೆವು. ಮೊದಲು ಕೇಳಲು ಸಂಕೋಚ ಇತ್ತು, ಆದರೆ ಲೆಕ್ಕ ತೋರಿಸಿದರೆ ಹೆಚ್ಚಿನವರು ಒಪ್ಪುತ್ತಾರೆ.

3 ತಿಂಗಳ ಖರ್ಚಿನಷ್ಟು ಮೀಸಲು ಇಡಬೇಕೆಂಬುದು ನಮ್ಮ ಗುರಿ. ಸದ್ಯ 2 ತಿಂಗಳದ್ದು ಸೇರಿದೆ. ಕಳೆದ ವರ್ಷ ಒಂದು ಸಂಬಳವೂ ತಡವಾಗಲಿಲ್ಲ.