ಮುಚ್ಚಳದ ಗುರುತು

ಮೊದಲು ನಾನು ಮಾಡಿದ್ದು ಎಣ್ಣೆಬಣ್ಣದ ಚಿತ್ರ. ಮ್ಯಾನ್‌ಹೋಲ್‌ನಿಂದ ಅರ್ಧ ಮೇಲೆ ಬಂದ ಮನುಷ್ಯ, ಮೈತುಂಬ ಕೆಸರು. ಹಾಗೆ ಗುಂಡಿಗಿಳಿದು ತೀರಿಕೊಂಡ ಒಬ್ಬರ ಹೆಂಡತಿಗೆ ತೋರಿಸಿದೆ. ಅವರು ತುಂಬ ಹೊತ್ತು ನೋಡಿ, "ನಮ್ಮೆಜಮಾನ್ರು ಮನೆಗೆ ಬರೋವಾಗ ಸ್ನಾನ ಮಾಡಿ, ತಲೆ ಬಾಚ್ಕೊಂಡು ಬರ್ತಿದ್ರು" ಅಂದರು. ಆ ಕ್ಯಾನ್ವಾಸನ್ನು ಮತ್ತೆ ಯಾರಿಗೂ ತೋರಿಸಲಿಲ್ಲ.

ಹಾಗಾದರೆ ಏನು ಮಾಡೋದು? ನೆನಪಾದದ್ದು ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ. 1990ರ ದಶಕದ ಆರಂಭದಲ್ಲಿ, ಕೋಮುಗಲಭೆಗಳ ಹೊತ್ತಲ್ಲಿ, ಅವರು ಎಣ್ಣೆಬಣ್ಣ ಬಿಟ್ಟು ಸಗಣಿ ಕೈಗೆತ್ತಿಕೊಂಡರು. ಆಮೇಲೆ ಸೂಜಿ, ದಾರ, ಕುಂಕುಮ. ಅಲ್ಲಿ ಮುಖವೇ ಇಲ್ಲ. ಆದರೂ ನೋವು ತಟ್ಟುತ್ತದೆ, ಅಲ್ವಾ?

ಸರಿ, ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಕಾಗದ ಹಾಸಿ, ಉಜ್ಜಿ, ಅದರಿಂದಲೇ ಅಚ್ಚು ತೆಗೆಯೋಣ ಅಂತ ಹೊರಟೆ. ಸಾವು ನಡೆದ ಬೀದಿಗೆ ಬೆಳಗಿನ ಜಾವ, ಗಾಡಿಗಳು ಶುರುವಾಗೋ ಮುಂಚೆ ಹೋಗುತ್ತೇನೆ. ಮಣ್ಣು ಗುಡಿಸಿ, ತೇವ ಒರೆಸುತ್ತೇನೆ. ದಪ್ಪ ಕಾಗದಕ್ಕೆ ಉಬ್ಬು ಹತ್ತಲಿಲ್ಲ. ನ್ಯೂಸ್‌ಪ್ರಿಂಟ್ ಹರಿದುಹೋಯಿತು. ಕೊನೆಗೆ ಒಗ್ಗಿದ್ದು ತೆಳು ನೇಪಾಳಿ ಕಾಗದ. ಕಪ್ಪು ಮೇಣದ ಕ್ರೇಯಾನನ್ನು ಅಡ್ಡ ಹಿಡಿದು, ಅಂಚಿನಿಂದ ಒಳಕ್ಕೆ ಉಜ್ಜಬೇಕು. ಜಾಸ್ತಿ ಒತ್ತಿದರೆ ಕಾಗದ ಜರುಗಿ ಗೆರೆ ಎರಡಾಗುತ್ತದೆ. ಮೊದಲು ಕಬ್ಬಿಣದ ಚೌಕುಳಿ ಮೂಡುತ್ತದೆ. ಆಮೇಲೆ, ಅಂಚಲ್ಲಿ, ಹಾರೆ ಹಾಕಿ ಎಬ್ಬಿಸಿದ ಕಚ್ಚು. ಅದು ಕಾಣಿಸಿದಾಗ ಪ್ರತಿಸಲ ನನ್ನ ಕೈ ನಿಲ್ಲುತ್ತದೆ.

ಕೆಳಗೆ ಪೆನ್ಸಿಲ್‌ನಲ್ಲಿ ಬೀದಿ, ಸಾವು ನಡೆದ ತಾರೀಕು ಬರೆಯುತ್ತೇನೆ. ಹೆಸರು, ಮನೆಯವರು ಒಪ್ಪಿದರೆ ಮಾತ್ರ. ರಕ್ಷಣಾ ಸಾಧನ ಇಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸೋದು, ಮಲ ಹೊರುವ ಪದ್ಧತಿ ನಿಷೇಧಿಸೋ 2013ರ ಕಾಯ್ದೆ ಪ್ರಕಾರ ಅಪರಾಧ. ಸತ್ತವರ ಮನೆಗೆ 10 ಲಕ್ಷ ರೂಪಾಯಿ ಕೊಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ನನ್ನ ಹಾಳೆಗಳ ಮೇಲಿರೋ ತಾರೀಕುಗಳೆಲ್ಲ ಆ ಕಾಯ್ದೆ ಬಂದ ನಂತರದವು. ಅದಕ್ಕೇ ಅವು ಅಲ್ಲಿರಲೇಬೇಕು.

ಒಂದು ಗ್ಯಾಲರಿಯವರು ಬೀದಿ ಹೆಸರು, ತಾರೀಕು ಅಳಿಸಿದರೆ ಪ್ರದರ್ಶನಕ್ಕೆ ಇಡ್ತೀವಿ ಅಂದರು. ಹಾಳೆ ಸುತ್ತಿಕೊಂಡು ವಾಪಸ್ ಬಂದೆ. ಆಮೇಲೆ ಪೌರಕಾರ್ಮಿಕರ ಒಂದು ಸಭೆಯಲ್ಲಿ, ಬಟ್ಟೆ ಒಣಹಾಕೋ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟೆ. ವಯಸ್ಸಾದ ಒಬ್ಬರು ಒಂದು ಹಾಳೆ ಮುಂದೆ ನಿಂತರು. ಕಚ್ಚಿನ ಮೇಲೆ ಬೆರಳಿಟ್ಟರು. "ಇದು ಹಳೇ ಮುಚ್ಚಳ ಸಾರ್. ಈ ಕಡೆಯಿಂದ ಎತ್ತಬಾರದು, ಜಾರುತ್ತೆ" ಅಂದವರು, ಬಗ್ಗಿ, ಬರಿಗೈಯಲ್ಲೇ ಹಾರೆ ಹಿಡಿದ ಹಾಗೆ ಮಾಡಿ ತೋರಿಸಿದರು.