ತೊಡೆಯ ಅಭಿಧಮನಿಯನ್ನೇ ಗ್ರಾಫ್ಟ್ ಮಾಡಿದ್ದು

ಸಕಲೇಶಪುರ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಅವರು. ಬೀಡಿ ಸೇದಿ ಸೇದಿ ಬಲಗಾಲಿಗೆ ರಕ್ತ ಕೊಡುವ ಅಪಧಮನಿ ತೊಡೆಸಂದಿಗಿಂತ ಮೇಲೆಯೇ ಮುಚ್ಚಿಹೋಗಿತ್ತು. ಎಡ ತೊಡೆಸಂದಿಯಿಂದ ಬಲಕ್ಕೆ, ಚರ್ಮದಡಿ ಡಾಕ್ರಾನ್ ಗ್ರಾಫ್ಟ್ (ಪಾಲಿಯೆಸ್ಟರ್ ನೇಯ್ಗೆಯ ಕೃತಕ ರಕ್ತನಾಳ) ಹಾಯಿಸಿ ಹಿಂದೆ ಕಾಲು ಉಳಿಸಿದ್ದರು. ಆಮೇಲೆ ಬಲ ತೊಡೆಸಂದಿಯಲ್ಲಿ ಕೀವು. ಹಾಸನಕ್ಕೆ, ನನ್ನ ಹತ್ತಿರ ಬರುವಷ್ಟರಲ್ಲಿ ಡ್ರೆಸ್ಸಿಂಗ್, ಆ್ಯಂಟಿಬಯೋಟಿಕ್ ಎಲ್ಲ ಆಗಿತ್ತು. ಮಾತ್ರೆ ನಿಲ್ಲಿಸಿದರೆ ಮತ್ತೆ ಸೋರುತ್ತಿತ್ತು.

ಸೋರದೆ ಏನು ಮಾಡೀತು? ಬ್ಯಾಕ್ಟೀರಿಯಾಗಳು ಡಾಕ್ರಾನ್ ನೇಯ್ಗೆಯ ಮೇಲೆ ಲೋಳೆಪೊರೆ ಕಟ್ಟಿಕೊಂಡು ಕೂರುತ್ತವೆ, ಔಷಧಿ ಅದರೊಳಗೆ ಸರಿಯಾಗಿ ಇಳಿಯುವುದಿಲ್ಲ. ಗ್ರಾಫ್ಟ್ ತೆಗೆದರೆ ಕಾಲಿಗೆ ರಕ್ತವಿಲ್ಲ. ಬಿಟ್ಟರೆ ಒಂದು ದಿನ ಹೊಲಿಗೆ ಕಿತ್ತು ರಕ್ತ ಚಿಮ್ಮುವ ಭಯ. ಸ್ವಂತ ಅಭಿಧಮನಿಯಾದರೆ ಸೋಂಕನ್ನು ಎಷ್ಟೋ ಚೆನ್ನಾಗಿ ತಡೆದುಕೊಳ್ಳುತ್ತದೆ. ಬೈಪಾಸ್‌ಗೆ ಸಾಮಾನ್ಯವಾಗಿ ತೆಗೆಯುವ ಸಫೀನಸ್, ಅಂದರೆ ಕಾಲಿನ ಚರ್ಮದಡಿಯ ಅಭಿಧಮನಿ, ಇವರಿಗೆ ಡಾಪ್ಲರ್ ಸ್ಕ್ಯಾನ್‌ನಲ್ಲಿ ತೀರಾ ಸಣ್ಣದು. ಉಳಿದದ್ದು ತೊಡೆಯ ಆಳದ ಫೀಮರಲ್ ಅಭಿಧಮನಿ. ಸೋಂಕು ತಗುಲಿದ ಮಹಾಪಧಮನಿಯ ಗ್ರಾಫ್ಟ್‌ಗೆ ಬದಲಾಗಿ ಇದನ್ನು ಬಳಸಿದ್ದನ್ನು ಡಲ್ಲಾಸ್‌ನ ಪ್ಯಾಟ್ರಿಕ್ ಕ್ಲಾಗೆಟ್ ತಂಡ 1993ರಲ್ಲಿ ಪ್ರಕಟಿಸಿತ್ತು.

“ಆಳದ ನರಾನೇ ತೆಗೆದ್ರೆ ಇರೋ ಒಳ್ಳೆ ಕಾಲೂ ಹೋಗಲ್ವಾ ಡಾಕ್ಟ್ರೇ?” ಅಂದರು ಅವರ ಮನೆಯವರು. ಕೇಳಲೇಬೇಕಾದ ಪ್ರಶ್ನೆ. “ಅದರ ಪಕ್ಕ ಇನ್ನೊಂದಿದೆ ಕಣಮ್ಮಾ, ಅದನ್ನ ಮುಟ್ಟಲ್ಲ. ಸ್ವಲ್ಪ ದಿನ ಊತ ಇರತ್ತೆ.” ಆ ಇನ್ನೊಂದು, ಅಂದರೆ ಪ್ರೊಫಂಡಾ ಅಭಿಧಮನಿ, ಬಂದು ಸೇರುವ ಸಂಗಮವನ್ನು ಉಳಿಸುವುದೇ ಈ ಆಪರೇಶನ್ನಿನ ಜೀವಾಳ. ಫೀಮರಲ್ಲನ್ನು ಆ ಸಂಗಮಕ್ಕೆ ಒತ್ತಿ ಕತ್ತರಿಸಬೇಕು. ಮೋಟು ಉಳಿದರೆ ಅದರಲ್ಲಿ ರಕ್ತ ಹೆಪ್ಪುಗಟ್ಟುತ್ತದೆ.

ಮೊದಲು ಎಡ ತೊಡೆ, ಆಮೇಲೆ ಕೀವಿನ ಜಾಗ. ಸಾರ್ಟೋರಿಯಸ್ ಸ್ನಾಯು ಸರಿಸಿ ಗೇಣುದ್ದಕ್ಕಿಂತ ತುಸು ಹೆಚ್ಚೇ ಬಿಡಿಸಿಕೊಂಡೆ. ಸಣ್ಣ ಕವಲುಗಳನ್ನೂ ಸೂಜಿ ಹಾಯಿಸಿಯೇ ಕಟ್ಟಿದೆ. ಇನ್ನು ಮೇಲೆ ಒಳಗಿರುವುದು ಅಪಧಮನಿಯ ಒತ್ತಡ, ಬರೀ ಗಂಟು ನಂಬುವಂತಿಲ್ಲ. ತೊಡೆ ಹೊಲಿದು, ಮುಚ್ಚಿ, ಗ್ಲೌಸು-ಉಪಕರಣ ಬದಲಿಸಿದ ಮೇಲೆಯೇ ಬಲ ತೊಡೆಸಂದಿ ತೆರೆದದ್ದು. ಹಳೇ ಗ್ರಾಫ್ಟನ್ನು ಸುತ್ತಲ ಮಾಂಸ ಹಿಡಿದೇ ಇರಲಿಲ್ಲ, ಸಲೀಸಾಗಿ ಬಂತು. ಕೊಳೆತದ್ದನ್ನೆಲ್ಲ ರಕ್ತ ಒಸರುವ ಮಾಂಸ ಸಿಗುವವರೆಗೂ ಕತ್ತರಿಸಿದೆ. ಕವಾಟಗಳು ಅಡ್ಡ ಬಾರದಂತೆ ಅಭಿಧಮನಿಯ ತುದಿಗಳನ್ನು ಅದಲುಬದಲು ಮಾಡಿ, ಬೇರೆ ದಾರಿಯಲ್ಲಿ ಹಾಯಿಸಿ ಹೊಲಿದೆ. ಬಲಗಡೆಯ ಹೊಲಿಗೆಯ ಮೇಲೆ ಅದೇ ಬದಿಯ ಸಾರ್ಟೋರಿಯಸ್ಸನ್ನು ಹೊದಿಸಿದೆ.

ಕೀವಿನ ಕಲ್ಚರಿನಲ್ಲಿ ಸ್ಟ್ಯಾಫ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬಂತು. ಆರು ವಾರ ಔಷಧಿ. ಎಡಗಾಲಿನ ಊತ ಸ್ಟಾಕಿಂಗ್‌ನಲ್ಲಿ ಇಳಿಯಿತು, ಗಾಯ ಒಣಗಿತು. ಅಭಿಧಮನಿ ಕಿರಿದಾಗುತ್ತಿದೆಯೇ ಎಂದು ಡಾಪ್ಲರ್ ಮಾತ್ರ ಮಾಡುತ್ತಲೇ ಇರಬೇಕು.

ರಕ್ತ ಚಿಮ್ಮುತ್ತಲೇ ಬಂದವರಿಗೆ ನಾನು ಇದನ್ನು ಮೊದಲು ಮಾಡಲು ಹೋಗುವುದಿಲ್ಲ. ಅಭಿಧಮನಿ ಬಿಡಿಸುವುದು ನಿಧಾನದ ಕೆಲಸ, ಅವರ ಹತ್ತಿರ ಅಷ್ಟು ಹೊತ್ತು ಇರುವುದಿಲ್ಲ.