ಅಮೆರಿಕಕ್ಕೆ ಬಂದ ಹ್ಯಾಮ್‌ಗಳಿಗೆ: ಲಾಗ್ ಸಾಫ್ಟ್‌ವೇರ್ ಕೈಕೊಟ್ಟಾಗ ಎಲ್ಲಿ ನೋಡಬೇಕು

ಊರಲ್ಲಿ ಹ್ಯಾಮ್ (ಹವ್ಯಾಸಿ ರೇಡಿಯೋ ಬಳಕೆದಾರ) ಆಗಿ ವಿಯು2 ಅಥವಾ ವಿಯು3ರಿಂದ ಶುರುವಾಗುವ ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ರೇಡಿಯೋ ಗುರುತು) ಇಟ್ಟುಕೊಂಡಿದ್ದವರು ಕೆಲಸಕ್ಕೋ ಓದಿಗೋ ಅಮೆರಿಕಕ್ಕೆ ಬಂದರೆ ರೇಡಿಯೋ ಬಿಡಬೇಕಾಗಿಲ್ಲ. ಇಲ್ಲಿ ಹ್ಯಾಮ್ ಲೈಸೆನ್ಸ್ ತೆಗೆದುಕೊಳ್ಳಲು ಅಮೆರಿಕದ ಪ್ರಜೆ ಆಗಿರಬೇಕಿಲ್ಲ. ಮೊದಲು ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಸಿಸಿಯ ವೆಬ್‌ಸೈಟಿನಲ್ಲಿ ಎಫ್‌ಆರ್‌ಎನ್ ಅನ್ನುವ ನೋಂದಣಿ ನಂಬರ್ ಮಾಡಿಸಿಕೊಳ್ಳಬೇಕು. ಆಮೇಲೆ ಸ್ವಯಂಸೇವಕ ಹ್ಯಾಮ್‌ಗಳು ನಡೆಸುವ ಪರೀಕ್ಷೆ. ಟೆಕ್ನಿಷಿಯನ್ ದರ್ಜೆಗೆ 35 ಪ್ರಶ್ನೆ, 26 ಸರಿ ಇದ್ದರೆ ಪಾಸ್. ಎಫ್‌ಸಿಸಿ ಶುಲ್ಕ 35 ಡಾಲರ್, ಲೈಸೆನ್ಸ್ ಅವಧಿ 10 ವರ್ಷ. ಕಾಲ್‌ಸೈನ್ ಎಫ್‌ಸಿಸಿ ದಾಖಲೆಯಲ್ಲಿ ಕಾಣಿಸಿಕೊಂಡ ಕ್ಷಣದಿಂದ ಮಾತಾಡಬಹುದು. ಇಷ್ಟು ಸುಲಭ. ತಲೆನೋವು ಶುರುವಾಗುವುದು ಲಾಗ್, ಅಂದರೆ ಯಾರ ಜೊತೆ ಯಾವಾಗ ಮಾತಾಡಿದೆವು ಅನ್ನುವ ದಾಖಲೆಯ ಹತ್ತಿರ.

ಇಲ್ಲಿ ಲಾಗ್ ಬರೆಯಲೇಬೇಕು ಅನ್ನುವ ಕಾನೂನು ಇಲ್ಲ. ಆದರೂ ಎಲ್ಲರೂ ಬರೆಯುತ್ತಾರೆ. ಡಿಎಕ್ಸ್‌ಸಿಸಿಯಂಥ ಪ್ರಶಸ್ತಿಗೆ ಕನಿಷ್ಠ 100 ದೇಶ-ಪ್ರದೇಶಗಳ ಜೊತೆ ಮಾತಾಡಿದ್ದು ಖಚಿತವಾಗಬೇಕು. ಆ ಖಾತ್ರಿ ಈಗ ಹೆಚ್ಚಾಗಿ ಸಿಗುವುದು ಅಮೆರಿಕದ ಹ್ಯಾಮ್‌ಗಳ ಸಂಘ ಎಆರ್‌ಆರ್‌ಎಲ್ 2003ರಲ್ಲಿ ಶುರು ಮಾಡಿದ ಲಾಗ್‌ಬುಕ್ ಆಫ್ ದ ವರ್ಲ್ಡ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ. ಕೆಲಸ ಸರಳ. ನೀವು ನಿಮ್ಮ ಲಾಗ್ ಏರಿಸುತ್ತೀರಿ, ಆ ಕಡೆಯವರು ತಮ್ಮದು ಏರಿಸುತ್ತಾರೆ. ಕಾಲ್‌ಸೈನ್, ಬ್ಯಾಂಡ್ (20 ಮೀಟರ್, 40 ಮೀಟರ್ ಥರದ ತರಂಗ ವಲಯ), ಮೋಡ್ (ಸಂದೇಶ ಕಳಿಸುವ ವಿಧಾನ) ತಾಳೆಯಾಗಬೇಕು. ಸಮಯದಲ್ಲಿ 30 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ತಾಳೆಯಾಗದಿದ್ದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಲಾಗ್ ಸುಮ್ನೆ ಅಲ್ಲೇ ಕೂತಿರುತ್ತದೆ.

"ಸಾಫ್ಟ್‌ವೇರ್‌ನಲ್ಲಿ ಬಗ್ ಇದೆ, ಏನೂ ಕನ್‌ಫರ್ಮ್ ಆಗ್ತಿಲ್ಲ" ಅನ್ನುವ ದೂರು ಹೊಸದಾಗಿ ಬಂದವರಿಂದ ಕೇಳಿಬರುತ್ತಲೇ ಇರುತ್ತದೆ. ನಿಜವಾದ ಬಗ್ ಇರುವುದು ಅಪರೂಪ. ದೇಶ ಬದಲಾಯಿಸಿದವರ ಲಾಗ್‌ನಲ್ಲಿ ಸಮಯ, ಕಾಲ್‌ಸೈನ್, ಜಾಗ ಮೂರೂ ಒಟ್ಟಿಗೆ ಬದಲಾಗಿರುತ್ತವೆ, ಸಾಫ್ಟ್‌ವೇರ್‌ಗೆ ಮಾತ್ರ ಅದನ್ನು ಯಾರೂ ಹೇಳಿರುವುದಿಲ್ಲ. ಹಾಗಾಗಿ ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕುವ ಮೊದಲು ಇವನ್ನು ನೋಡಿ.

ಮೊದಲು ಗಡಿಯಾರ. ಒಂದು ಉದಾಹರಣೆ ಪೂರ್ತಿ ನೋಡೋಣ. ಬೆಂಗಳೂರಿನಿಂದ ತಂದ ಲ್ಯಾಪ್‌ಟಾಪ್. ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ಗಂಟೆ ಸರಿ ತೋರಿಸಲಿ ಅಂತ ಗಡಿಯಾರವನ್ನು ಕೈಯಲ್ಲೇ ತಿರುಗಿಸಿದ್ದಾರೆ, ಟೈಮ್ ಝೋನ್ ಮಾತ್ರ ಭಾರತದ್ದೇ ಉಳಿದಿದೆ. ಬೇಸಿಗೆಯ ಒಂದು ಸಂಜೆ 7 ಗಂಟೆ. ಆಗ ನಿಜವಾದ ಯುಟಿಸಿ (ಲಾಗ್ ಬರೆಯಲು ಬಳಸುವ, ಜಗತ್ತಿಗೆಲ್ಲ ಒಂದೇ ಆದ ಸಮಯ) ಮರುದಿನದ ಬೆಳಗಿನ ಜಾವ 2 ಗಂಟೆ. ಆದರೆ ಈ ಲ್ಯಾಪ್‌ಟಾಪ್ 7 ಗಂಟೆಯಿಂದ ಭಾರತದ ಸಮಯಕ್ಕೂ ಯುಟಿಸಿಗೂ ಇರುವ ಐದೂವರೆ ತಾಸು ಕಳೆದು, ಅದೇ ದಿನದ 13:30 ಅಂತ ಲಾಗ್‌ನಲ್ಲಿ ಬರೆಯುತ್ತದೆ. ಹನ್ನೆರಡೂವರೆ ತಾಸು ವ್ಯತ್ಯಾಸ, ತಾರೀಕೂ ತಪ್ಪು. ಇದರಲ್ಲಿ ಮೋಸ ಹೋಗಿಸುವ ಸಂಗತಿ ಒಂದಿದೆ. ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶ ಕಳಿಸುವ ಎಫ್‌ಟಿ8 ಮೋಡ್ 15 ಸೆಕೆಂಡಿನ ಸರದಿಯಲ್ಲಿ ನಡೆಯುತ್ತದೆ, ಅದಕ್ಕೆ ಬೇಕಿರುವುದು ಸೆಕೆಂಡು ಸರಿ ಇರುವುದಷ್ಟೇ. ಗಂಟೆ ಎಷ್ಟು ತಪ್ಪಿದ್ದರೂ ಸಂಪರ್ಕ ಚೆನ್ನಾಗಿಯೇ ಆಗುತ್ತದೆ, ಉತ್ತರ ಬರುತ್ತದೆ, ಲಾಗ್ ತುಂಬುತ್ತದೆ. ತಿಂಗಳಾದ ಮೇಲೆ ನೋಡಿದರೆ ಒಂದೂ ಕನ್‌ಫರ್ಮ್ ಆಗಿರುವುದಿಲ್ಲ.

ಪರಿಹಾರ: ಟೈಮ್ ಝೋನ್ ಸರಿಯಾದ ಜಾಗಕ್ಕೆ ಬದಲಾಯಿಸಿ, ಸಮಯವನ್ನು ಇಂಟರ್ನೆಟ್‌ನಿಂದ ತಾನಾಗಿಯೇ ತೆಗೆದುಕೊಳ್ಳುವಂತೆ ಬಿಡಿ, ಲಾಗ್ ಪ್ರೋಗ್ರಾಂನಲ್ಲಿ ಲೋಕಲ್ ಟೈಮ್ ಆಯ್ಕೆ ಇದ್ದರೆ ಅದನ್ನು ತೆಗೆದು ಯುಟಿಸಿ ಮಾಡಿ. ಇಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ತಾಸು ಮುಂದೆ ಹೋಗುತ್ತದೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ ಬರುತ್ತದೆ. ಊರಲ್ಲಿ ಈ ಅಭ್ಯಾಸ ಇಲ್ಲವಲ್ಲ, ಲೋಕಲ್ ಟೈಮಿನಲ್ಲಿ ಲಾಗ್ ಇಟ್ಟವರಿಗೆ ಆ ಭಾನುವಾರದಿಂದ ಮತ್ತೆ ಗೋಳು. ಆಗಲೇ ತಪ್ಪಾಗಿ ಬಿದ್ದ ನಮೂದುಗಳನ್ನು ಒಂದೊಂದಾಗಿ ತಿದ್ದಬೇಡಿ. ಬಹಳಷ್ಟು ಲಾಗ್ ಪ್ರೋಗ್ರಾಂಗಳಲ್ಲಿ ಆಯ್ದ ನಮೂದುಗಳ ಸಮಯವನ್ನು ಒಟ್ಟಿಗೆ ಸರಿಸುವ ಸೌಲಭ್ಯ ಇದೆ. ಬ್ಯಾಕಪ್ ತೆಗೆದು, ಹತ್ತು ನಮೂದುಗಳ ಮೇಲೆ ಪ್ರಯತ್ನಿಸಿ, ಸರಿ ಬಂದ ಮೇಲೆ ಉಳಿದವನ್ನು ಮಾಡಿ.

ಎರಡನೆಯದು ಕಾಲ್‌ಸೈನ್ ಮತ್ತು ಸರ್ಟಿಫಿಕೇಟ್. ಲಾಗ್ ಏರಿಸುವ ಮೊದಲು ಟಿಕ್ಯೂಎಸ್‌ಎಲ್ ಅನ್ನುವ ಪ್ರೋಗ್ರಾಂ ಅದಕ್ಕೆ ಡಿಜಿಟಲ್ ಸಹಿ ಹಾಕುತ್ತದೆ. ಪ್ರತಿ ಕಾಲ್‌ಸೈನ್‌ಗೂ ಬೇರೆ ಸರ್ಟಿಫಿಕೇಟ್, ಪ್ರತಿ ಸರ್ಟಿಫಿಕೇಟ್‌ಗೂ ಎಂದಿನಿಂದ ಎಂದಿನವರೆಗಿನ ಸಂಪರ್ಕಗಳಿಗೆ ಅನ್ವಯ ಅನ್ನುವ ತಾರೀಕು. ಇಲ್ಲಿ ಬಂದವರಿಗೆ ಬೇಗ ಮೂರು ಕಾಲ್‌ಸೈನ್ ಆಗಿಬಿಡುತ್ತವೆ: ಊರಿನದು, ಎಫ್‌ಸಿಸಿ ಮೊದಲು ಕೊಟ್ಟದ್ದು, ಆಮೇಲೆ ಇಷ್ಟಪಟ್ಟು ತೆಗೆದುಕೊಂಡ ವ್ಯಾನಿಟಿ ಕಾಲ್‌ಸೈನ್. ಸೆಟ್ಟಿಂಗ್ಸ್‌ನಲ್ಲಿ ಹೊಸದನ್ನು ಹಾಕಿ ಇಡೀ ಲಾಗ್ ಏರಿಸಲು ಹೋದರೆ "ತಾರೀಕು ಸರ್ಟಿಫಿಕೇಟ್ ಅವಧಿಯ ಹೊರಗಿದೆ" ಅನ್ನುವ ಅರ್ಥದ ತಕರಾರು ಬರುತ್ತದೆ. ಇದು ಬಗ್ ಅಲ್ಲ, ನಿಮ್ಮನ್ನು ಕಾಪಾಡುತ್ತಿರುವ ಬೇಲಿ. ತಕರಾರು ನಿಲ್ಲಲಿ ಅಂತ ಹೊಸ ಸರ್ಟಿಫಿಕೇಟ್‌ಗೆ ಹಳೆಯ ತಾರೀಕು ಕೇಳಬೇಡಿ. ಆಗ ಹಳೆಯ ಸಂಪರ್ಕಗಳೆಲ್ಲ ಹೊಸ ಕಾಲ್‌ಸೈನ್ ಹೆಸರಲ್ಲಿ ಏರುತ್ತವೆ, ಆ ಕಡೆಯವರ ಲಾಗ್‌ಗೆ ಎಂದೂ ತಾಳೆಯಾಗುವುದಿಲ್ಲ. ಒಮ್ಮೆ ಏರಿದ್ದನ್ನು ನೀವು ಅಳಿಸಲೂ ಆಗುವುದಿಲ್ಲ. ಪ್ರತಿ ನಮೂದಿನಲ್ಲೂ ಸ್ಟೇಷನ್ ಕಾಲ್‌ಸೈನ್ ಅನ್ನುವ ಕಾಲಂ ತುಂಬಿರುವಂತೆ ನೋಡಿಕೊಳ್ಳಿ. ಅದಿದ್ದರೆ ಕಾಲ್‌ಸೈನ್ ಹೊಂದದಿದ್ದಾಗ ಟಿಕ್ಯೂಎಸ್‌ಎಲ್ ಕೂಡಲೇ ತಿಳಿಸುತ್ತದೆ.

ಊರಿನ ಸರ್ಟಿಫಿಕೇಟ್ ಬಗ್ಗೆ ಒಂದು ಮಾತು, ದಯವಿಟ್ಟು ವಿಮಾನ ಹತ್ತುವ ಮೊದಲೇ ಓದಿ. ಸರ್ಟಿಫಿಕೇಟ್‌ನ ಗುಟ್ಟಿನ ಕೀ ಇರುವುದು ಅದಕ್ಕೆ ಅರ್ಜಿ ಹಾಕಿದ ಕಂಪ್ಯೂಟರ್‌ನಲ್ಲಿ ಮಾತ್ರ. ಇಮೇಲ್‌ನಲ್ಲಿ ಬಂದ ಟಿಕ್ಯೂ6 ಅನ್ನುವ ಸರ್ಟಿಫಿಕೇಟ್ ಫೈಲನ್ನು ಹೊಸ ಕಂಪ್ಯೂಟರ್‌ಗೆ ಹಾಕಿದರೆ ಪ್ರಯೋಜನ ಇಲ್ಲ. ಹಳೆಯ ಕಂಪ್ಯೂಟರ್ ಮಾರುವ ಮೊದಲು ಟಿಕ್ಯೂಎಸ್‌ಎಲ್‌ನ ಫೈಲ್ ಮೆನುವಿನಲ್ಲಿರುವ ಬ್ಯಾಕಪ್ ತೆಗೆಯಿರಿ, ಸರ್ಟಿಫಿಕೇಟ್‌ಗಳು, ಸ್ಟೇಷನ್ ಲೊಕೇಷನ್‌ಗಳು (ರೇಡಿಯೋ ಇಟ್ಟ ಜಾಗದ ವಿವರ) ಎಲ್ಲ ಒಂದೇ ಫೈಲಿನಲ್ಲಿ ಬರುತ್ತವೆ. ಸರ್ಟಿಫಿಕೇಟ್ ಮೂರು ವರ್ಷಕ್ಕೆ ಮುಗಿಯುತ್ತದೆ, ಮುಗಿಯುವ ಮುಂಚೆ ನವೀಕರಿಸಿದರೆ ಮತ್ತೆ ದಾಖಲೆ ಕಳಿಸುವ ತಾಪತ್ರಯ ಇರುವುದಿಲ್ಲ. ಇಲ್ಲಿ ಮನೆ ಬದಲಾಯಿಸಿದಾಗ ಎಫ್‌ಸಿಸಿ ದಾಖಲೆಯಲ್ಲೂ ವಿಳಾಸ ತಿದ್ದಿಸಿ.

ಇನ್ನು ಜಾಗ. ಹ್ಯಾಮ್‌ಗಳು ಭೂಪಟವನ್ನು ಗ್ರಿಡ್ ಅನ್ನುವ ಸಣ್ಣ ಚೌಕಗಳಾಗಿಯೂ ಸಿಕ್ಯೂ ಝೋನ್ ಅನ್ನುವ ದೊಡ್ಡ ವಲಯಗಳಾಗಿಯೂ ಹಂಚಿಕೊಂಡಿದ್ದಾರೆ. ಬೆಂಗಳೂರು ಎಂಕೆ82 ಗ್ರಿಡ್‌ನಲ್ಲಿದೆ, ಸಿಕ್ಯೂ ಝೋನ್ 22. ಕ್ಯಾಲಿಫೋರ್ನಿಯಾ ಸಿಕ್ಯೂ ಝೋನ್ 3. ಸನಿವೇಲ್ ಪಟ್ಟಣ ಸಿಎಂ87ರಲ್ಲಿ ಬೀಳುತ್ತದೆ, ಪಕ್ಕದ ಸ್ಯಾನ್ ಹೋಸೆಯ ಪೇಟೆ ಭಾಗ ಸಿಎಂ97ರಲ್ಲಿ. ಕೌಂಟಿ (ಇಲ್ಲಿನ ಜಿಲ್ಲೆ) ಎರಡಕ್ಕೂ ಸಾಂಟಾ ಕ್ಲಾರಾನೇ. ಬಾಡಿಗೆ ಮನೆ ಅಷ್ಟು ದೂರ ಬದಲಾದರೂ ಹೊಸ ಸ್ಟೇಷನ್ ಲೊಕೇಷನ್ ಮಾಡಬೇಕು. ಹಳೆಯದನ್ನೇ ತಿದ್ದಬೇಡಿ, ಹಳೆಯ ಲಾಗ್ ಮತ್ತೆ ಏರಿಸಬೇಕಾದಾಗ ಅದು ಬೇಕಾಗುತ್ತದೆ. ಟಿಕ್ಯೂಎಸ್‌ಎಲ್‌ನ ಪ್ರಿಫರೆನ್ಸ್‌ನಲ್ಲಿ ಲಾಗ್‌ನ ಜಾಗದ ವಿವರ ಸ್ಟೇಷನ್ ಲೊಕೇಷನ್‌ಗೆ ಹೊಂದದಿದ್ದರೆ ಏನು ಮಾಡಬೇಕು ಅನ್ನುವ ಆಯ್ಕೆ ಇದೆ. ವ್ಯತ್ಯಾಸ ಕಂಡರೆ ತಿಳಿಸು ಅನ್ನುವುದನ್ನೇ ಇಟ್ಟುಕೊಳ್ಳಿ. ಬೆಂಗಳೂರಿನಿಂದ ಮಾಡಿದ ಸಂಪರ್ಕಗಳು ಅಮೆರಿಕದಿಂದ ಕಟ್ಟುವ ಡಿಎಕ್ಸ್‌ಸಿಸಿ ಲೆಕ್ಕಕ್ಕೆ ಸೇರುವುದಿಲ್ಲ, ಎಲ್ಲವೂ ಒಂದೇ ದೇಶದಿಂದ ಆಗಿರಬೇಕು. ಹಾಗಾಗಿ ಎರಡು ಲಾಗ್‌ಗಳನ್ನು ಬೇರೆಬೇರೆ ಫೈಲಾಗಿಯೇ ಇಡುವುದು ವಾಸಿ.

ಕನ್ನಡಿಗರಿಗೇ ಬರುವ ತೊಂದರೆ ಒಂದಿದೆ. ಲಾಗ್‌ಗಳು ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಓಡಾಡುವುದು ಎಡಿಐಎಫ್ ಅನ್ನುವ ನಮೂನೆಯ ಫೈಲಿನಲ್ಲಿ. ಅದರಲ್ಲಿ ಪ್ರತಿ ಮಾಹಿತಿಯ ಮುಂದೆ ಅದರ ಉದ್ದ ಬರೆದಿರುತ್ತದೆ. ಹೆಸರಿನ ಕಾಲಂನಲ್ಲಿ ಪ್ರೀತಿಯಿಂದ ಕನ್ನಡದಲ್ಲೇ "ಗೀತಾ" ಅಂತ ಬರೆದರೆ ಒಂದು ಪ್ರೋಗ್ರಾಂ ಅದನ್ನು 4 ಅಂತ ಎಣಿಸಬಹುದು, ಇನ್ನೊಂದು 12 ಬೈಟ್ ಅಂತ. ಎಣಿಕೆ ತಪ್ಪಿದರೆ ಓದುವ ಪ್ರೋಗ್ರಾಂ ಹೆಸರನ್ನು ಅರ್ಧಕ್ಕೆ ಕತ್ತರಿಸುತ್ತದೆ ಅಥವಾ ಮುಂದಿನ ಕಾಲಂ ನುಂಗುತ್ತದೆ. ಇಂಪೋರ್ಟ್ ಮಧ್ಯದಲ್ಲಿ ನಿಂತರೆ ಕನ್ನಡ ಇರುವ ನಮೂದುಗಳನ್ನೇ ಮೊದಲು ನೋಡಿ. ಏರಿಸುವ ಫೈಲಿನಲ್ಲಿ ಹೆಸರು, ಟಿಪ್ಪಣಿ ಇಂಗ್ಲಿಷ್ ಅಕ್ಷರದಲ್ಲಿರಲಿ, ಕನ್ನಡದ ಟಿಪ್ಪಣಿಗೆ ಬೇರೆ ಕಡತ ಇಡಿ.

ಎಫ್‌ಟಿ8ರ ಥರದ್ದೇ ಇನ್ನೊಂದು ಮೋಡ್ ಎಫ್‌ಟಿ4ರ ಸಂಪರ್ಕಗಳಿಗೆ ಮಾತ್ರ ಮೋಡ್ ತಪ್ಪು ಅನ್ನುವ ದೂರು ಬಂದರೆ ಲಾಗ್ ಪ್ರೋಗ್ರಾಂ ಹಳೆಯದಾಗಿದೆ ಅಂತ ಅರ್ಥ. ಎಫ್‌ಟಿ4 ಅನ್ನು ಎಂಎಫ್‌ಎಸ್‌ಕೆ ಮೋಡ್‌ನ ಉಪಮೋಡ್ ಆಗಿ ಬರೆಯಬೇಕು. ಅಪ್‌ಡೇಟ್ ಮಾಡಿದರೆ ಸಾಕು.

ಎಫ್‌ಟಿ8, ಎಫ್‌ಟಿ4 ನಡೆಸುವ ಡಬ್ಲ್ಯೂಎಸ್‌ಜೆಟಿ-ಎಕ್ಸ್ ಪ್ರೋಗ್ರಾಂನಲ್ಲಿ ಮಾಡಿದ ಸಂಪರ್ಕ ಲಾಗ್ ಪ್ರೋಗ್ರಾಂಗೆ ಬರುತ್ತಿಲ್ಲ ಅಂದರೆ ನೋಡಬೇಕಾದ್ದು ಯುಡಿಪಿ ಪೋರ್ಟ್, ಅಂದರೆ ಪ್ರೋಗ್ರಾಂಗಳ ನಡುವೆ ಮಾಹಿತಿ ಸಾಗುವ ದಾರಿ. ಸಾಮಾನ್ಯವಾಗಿ 127.0.0.1 ವಿಳಾಸ, 2237 ಪೋರ್ಟ್. ಎರಡು ಪ್ರೋಗ್ರಾಂ ಅದೇ ಪೋರ್ಟ್ ಹಿಡಿದರೆ ಒಂದಕ್ಕೆ ಏನೂ ಸಿಗುವುದಿಲ್ಲ. ಸಂಪರ್ಕಗಳು ಕಳೆದುಹೋಗಿಲ್ಲ, ಗಾಬರಿ ಬೇಡ. ಫೈಲ್ ಮೆನುವಿನಿಂದ ಲಾಗ್ ಡೈರೆಕ್ಟರಿ ತೆರೆದರೆ ಎಲ್ಲವೂ ಅಲ್ಲಿನ ಎಡಿಐ ಫೈಲಿನಲ್ಲಿರುತ್ತದೆ, ಇಂಪೋರ್ಟ್ ಮಾಡಿಕೊಳ್ಳಿ. ರೇಡಿಯೋದ ಫ್ರೀಕ್ವೆನ್ಸಿ ಲಾಗ್‌ಗೆ ಬರದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಕಾಮ್ ಪೋರ್ಟ್ ನಂಬರ್ ನೋಡಿ, ಯುಎಸ್‌ಬಿ ಕೇಬಲ್ ಬೇರೆ ಕಿಂಡಿಗೆ ಹಾಕಿದರೆ ಅದು ಬದಲಾಗಬಹುದು. ಈ ತಪ್ಪನ್ನು ಸಣ್ಣದು ಅಂದುಕೊಳ್ಳಬೇಡಿ. ಫ್ರೀಕ್ವೆನ್ಸಿ ಬರದಿದ್ದಾಗ ಕೆಲವು ಪ್ರೋಗ್ರಾಂಗಳು ಹಿಂದಿನ ಬ್ಯಾಂಡ್ ಅನ್ನೇ ಬರೆಯುತ್ತವೆ, 20 ಮೀಟರ್ ಸಂಪರ್ಕ 40 ಮೀಟರ್ ಆಗಿ ಕೂರುತ್ತದೆ.

ಕೆಲವೊಮ್ಮೆ ತಪ್ಪು ನಿಮ್ಮ ಕಡೆ ಇರುವುದೇ ಇಲ್ಲ. 2024ರ ಮೇ ತಿಂಗಳಲ್ಲಿ ಎಆರ್‌ಆರ್‌ಎಲ್ ಜಾಲದ ಮೇಲೆ ಸೈಬರ್ ದಾಳಿಯಾಗಿ ಲಾಗ್‌ಬುಕ್ ಆಫ್ ದ ವರ್ಲ್ಡ್ ನಿಂತೇಹೋಯಿತು, ಮತ್ತೆ ಶುರುವಾದದ್ದು ಜುಲೈ 1ಕ್ಕೆ. ದೊಡ್ಡ ಕಾಂಟೆಸ್ಟ್ (ರೇಡಿಯೋ ಸ್ಪರ್ಧೆ) ಮುಗಿದ ಮೇಲೂ ಏರಿಸಿದ ಲಾಗ್‌ಗಳ ಸರತಿ ಉದ್ದ ಇರುತ್ತದೆ.

ಇಷ್ಟೆಲ್ಲ ನೋಡಿದರೂ ಬಗೆಹರಿಯದಿದ್ದರೆ ಸಹಾಯ ಕೇಳಿ, ಇಲ್ಲಿನ ಕ್ಲಬ್‌ಗಳಲ್ಲಿ ಹೊಸಬರಿಗೆ ಕೈಹಿಡಿದು ಹೇಳಿಕೊಡುವವರು ಇರುತ್ತಾರೆ. ಕೇಳುವಾಗ ತಾಳೆಯಾಗದ ಒಂದೇ ಒಂದು ಸಂಪರ್ಕದ ಎಡಿಐಎಫ್ ಸಾಲು, ಪ್ರೋಗ್ರಾಂ ವರ್ಷನ್, ಬಂದ ಸಂದೇಶ ಇದ್ದಹಾಗೇ ಕಳಿಸಿ. ಟಿಕ್ಯೂಎಸ್‌ಎಲ್‌ನ ಹೆಲ್ಪ್ ಮೆನುವಿನಲ್ಲಿ ಡಯಾಗ್ನಾಸ್ಟಿಕ್ ಲಾಗ್ ತೆರೆಯುವ ಆಯ್ಕೆ ಇದೆ, ಅದನ್ನೂ ಸೇರಿಸಿ. ಸರ್ಟಿಫಿಕೇಟ್ ಬ್ಯಾಕಪ್ ಫೈಲ್ ಮಾತ್ರ ಯಾರಿಗೂ ಕಳಿಸಬೇಡಿ, ಎಷ್ಟೇ ಪರಿಚಯದವರಾಗಿರಲಿ. ಅದು ಸಿಕ್ಕವರು ನಿಮ್ಮ ಕಾಲ್‌ಸೈನ್ ಹೆಸರಲ್ಲಿ ಸಹಿ ಹಾಕಬಹುದು.